ಬಟ್ಟೆಗೆ ತಕ್ಕ ಸೂಜಿ, ಬಟ್ಟೆಗೆ ತಕ್ಕ ಹೊಲಿಗೆ



ನಮ್ಮ ಅನೇಕ ಮನೆಗಳಲ್ಲಿ ಹೊಲಿಗೆ ಯಂತ್ರವೆಂದರೆ ಮನೆಯ ಸದಸ್ಯರಲ್ಲಿ ಒಬ್ಬರಿದ್ದಂತೆ. ತಾಯಿಗೆ ತವರಿನಿಂದ ಬಂದ ಕಪ್ಪು ಬಣ್ಣದ ಕಾಲು ಮೆಷಿನ್ ಮಗಳ ಕಾಲಕ್ಕೂ ಓಡುತ್ತಿರುತ್ತದೆ. ಮಕ್ಕಳ ಯೂನಿಫಾರ್ಮ್, ಮನೆಯವರ ರವಿಕೆ, ಲಂಗ, ದಿಂಬಿನ ಚೀಲ ಎಲ್ಲವೂ ಅದರ ಮೇಲೆಯೇ ಸಿದ್ಧವಾಗುತ್ತವೆ. ಕೆಲವು ಮನೆಗಳಲ್ಲಿ ಅಕ್ಕಪಕ್ಕದವರ ಬಟ್ಟೆ ಹೊಲಿದು ಬಂದ ಹಣದಿಂದಲೇ ಮಕ್ಕಳ ಶಾಲಾ ಫೀಸು ಸಂದಾಯವಾಗುತ್ತದೆ.

ಇಂಥ ಮನೆಗಳಲ್ಲಿ ಆಗಾಗ ಕೇಳಿಬರುವ ದೂರು ಒಂದಿದೆ. "ನಿನ್ನೆಯವರೆಗೆ ಚೆನ್ನಾಗಿಯೇ ಹೊಲಿಯುತ್ತಿತ್ತು, ಇವತ್ತು ಮೆಷಿನ್ ಕೈಕೊಟ್ಟಿತು." ಸ್ವಲ್ಪ ವಿಚಾರಿಸಿ ನೋಡಿದರೆ ವಿಷಯ ಬೇರೆಯೇ ಇರುತ್ತದೆ. ನಿನ್ನೆ ಹೊಲಿದದ್ದು ಪಾಪ್ಲಿನ್ ಲಂಗ, ಇವತ್ತು ಹೊಲಿಯಲು ಕುಳಿತದ್ದು ಜಾರ್ಜೆಟ್ ರವಿಕೆ. ಮೆಷಿನ್ ನಿನ್ನೆಯದೇ, ಸೂಜಿ ನಿನ್ನೆಯದೇ, ದಾರದ ಬಿಗಿಯೂ ನಿನ್ನೆಯದೇ. ಬದಲಾಗಿರುವುದು ಬಟ್ಟೆ ಮಾತ್ರ. ಬಟ್ಟೆ ಬದಲಾದಾಗ ಮೆಷಿನ್ನಿನ ಹೊಂದಾಣಿಕೆಯನ್ನೂ ಬದಲಾಯಿಸಬೇಕು ಎಂಬ ಒಂದೇ ಮಾತನ್ನು ಈ ಪಾಠದಲ್ಲಿ ವಿವರವಾಗಿ ತಿಳಿಯೋಣ.

ಇದು ಸಣ್ಣ ವಿಷಯವಲ್ಲ. ಪಾಪ್ಲಿನ್ ಮೇಲೆ ಹೊಲಿಗೆ ತಪ್ಪಿದರೆ ಬಿಚ್ಚಿ ಮತ್ತೆ ಹೊಲಿಯಬಹುದು, ಒಮ್ಮೆ ಒಗೆದರೆ ಗುರುತೂ ಉಳಿಯದು. ಆದರೆ ಸ್ಯಾಟಿನ್ ಮತ್ತು ರೇಷ್ಮೆಯ ಮೇಲೆ ಸೂಜಿ ಬಿದ್ದ ರಂಧ್ರ ಹಾಗೆಯೇ ಉಳಿಯುತ್ತದೆ. ಮಗಳ ಪ್ರಥಮ ಪರಮಪ್ರಸಾದದ ಫ್ರಾಕಿಗೆಂದು ಹಣ ಕೂಡಿಸಿ ತಂದ ಸ್ಯಾಟಿನ್ನಿಗೆ, ಅಥವಾ ನೆರೆಮನೆಯವರು ನಂಬಿ ಕೊಟ್ಟ ರೇಷ್ಮೆ ರವಿಕೆ ಬಟ್ಟೆಗೆ ಎರಡನೆಯ ಅವಕಾಶವಿಲ್ಲ. ಆದ್ದರಿಂದ ಮಾಡಬೇಕಾದ ಪರೀಕ್ಷೆಯನ್ನೆಲ್ಲ ಚೂರು ಬಟ್ಟೆಯ ಮೇಲೆ ಮೊದಲೇ ಮಾಡಿ ಮುಗಿಸಬೇಕು.

ಹೊಲಿಗೆ ಬೀಳುವ ಬಗೆ

ಮೇಲಿನ ದಾರ ಮತ್ತು ಕೆಳಗಿನ ಬಾಬಿನ್ ದಾರ ಒಂದಕ್ಕೊಂದು ಸಿಕ್ಕಿಕೊಳ್ಳುವ ಈ ಹೊಲಿಗೆಯ ಯಂತ್ರಕ್ಕೆ ಅಮೆರಿಕದ ಎಲಿಯಾಸ್ ಹೋವ್ 1846ರಲ್ಲಿ ಪೇಟೆಂಟ್ ಪಡೆದರು. ಐಸಾಕ್ ಸಿಂಗರ್ ತಮ್ಮ ಯಂತ್ರಕ್ಕೆ 1851ರಲ್ಲಿ ಪೇಟೆಂಟ್ ಪಡೆದರು. ಕಾಲಿನಿಂದ ತುಳಿಯುವ ಹಳೆಯ ಮೆಷಿನ್ ಆಗಲಿ, ಇಂದಿನ ವಿದ್ಯುತ್ ಮೆಷಿನ್ ಆಗಲಿ, ಮನೆಯಲ್ಲಿ ಬಳಸುವ ಸಾಮಾನ್ಯ ಮೆಷಿನ್ನುಗಳಲ್ಲಿ ನಡೆಯುವ ಕ್ರಿಯೆ ಇದೇ.

ಸೂಜಿ ದಾರವನ್ನು ಹೊತ್ತು ಬಟ್ಟೆಯೊಳಗೆ ಇಳಿಯುತ್ತದೆ. ಮೇಲಕ್ಕೆ ಏಳಲು ಆರಂಭಿಸಿದಾಗ ಅದರ ಕಣ್ಣಿನ ಬಳಿ ದಾರ ಚಿಕ್ಕದೊಂದು ಕುಣಿಕೆಯಾಗಿ ಉಬ್ಬುತ್ತದೆ. ಕೆಳಗೆ ತಿರುಗುವ ಕೊಕ್ಕೆ ಆ ಕುಣಿಕೆಯನ್ನು ಹಿಡಿದು ಬಾಬಿನ್ನಿನ ಸುತ್ತ ಹಾಯಿಸುತ್ತದೆ. ಎರಡು ದಾರಗಳೂ ಹೀಗೆ ಸಿಕ್ಕಿಕೊಳ್ಳುತ್ತವೆ. ಈ ಗಂಟು ಬಟ್ಟೆಯ ಮೇಲೂ ಕಾಣಬಾರದು, ಕೆಳಗೂ ಕಾಣಬಾರದು. ಎರಡು ಪದರಗಳ ನಡುವೆ ಅಡಗಿರಬೇಕು. ಆಗಲೇ ಹೊಲಿಗೆ ಸರಿಯಾಗಿದೆ ಎಂದು ಹೇಳಬಹುದು.

ಇದನ್ನು ಅರಿತುಕೊಂಡರೆ ಅನೇಕ ತೊಂದರೆಗಳ ಮೂಲ ತಾನಾಗಿ ತಿಳಿಯುತ್ತದೆ. ಸೂಜಿ ಸ್ವಲ್ಪ ಬಾಗಿದ್ದರೆ ಕೊಕ್ಕೆಗೆ ಕುಣಿಕೆ ಸಿಗದೆ ಹೊಲಿಗೆ ತಪ್ಪುತ್ತದೆ. ತೆಳು ಬಟ್ಟೆ ಸೂಜಿಯ ಜೊತೆಗೇ ಮೇಲಕ್ಕೆದ್ದು ಬಂದರೂ ಕುಣಿಕೆ ಮೂಡುವುದಿಲ್ಲ.

ಬದಲಾಯಿಸಬೇಕಾದ ಐದು ಸಂಗತಿಗಳು

1. ಸೂಜಿ: ಸೂಜಿ ಪ್ಯಾಕೆಟ್ಟಿನ ಮೇಲೆ ಸಾಮಾನ್ಯವಾಗಿ 11/75, 14/90 ಎಂಬಂತೆ ಎರಡು ಸಂಖ್ಯೆಗಳಿರುತ್ತವೆ. ಕೆಲವು ಪ್ಯಾಕೆಟ್ಟುಗಳಲ್ಲಿ ದೊಡ್ಡ ಸಂಖ್ಯೆ ಮೊದಲು ಇರುತ್ತದೆ. ಎರಡೂ ಒಂದೇ ಗಾತ್ರವನ್ನು ಹೇಳುವ ಬೇರೆ ಬೇರೆ ರೀತಿಗಳು. 90 ಎಂದರೆ ಸೂಜಿಯ ದಪ್ಪ 0.90 ಮಿಲಿಮೀಟರ್ ಎಂದರ್ಥ. ಸಂಖ್ಯೆ ಹೆಚ್ಚಿದಂತೆ ಸೂಜಿ ದಪ್ಪ. 9 ಅತಿ ತೆಳು ಬಟ್ಟೆಗೆ, 11 ತೆಳು ಬಟ್ಟೆಗೆ, 14 ಸಾಧಾರಣ ಬಟ್ಟೆಗೆ, 16 ದಪ್ಪ ಬಟ್ಟೆಗೆ, 18 ತುಂಬ ದಪ್ಪ ಬಟ್ಟೆಗೆ. ತೆಳು ಬಟ್ಟೆಗೆ ದಪ್ಪ ಸೂಜಿ ಹಾಕಿದರೆ ರಂಧ್ರ ಬೀಳುತ್ತದೆ, ಎಳೆ ಕಿತ್ತುಬರುತ್ತದೆ. ದಪ್ಪ ಬಟ್ಟೆಗೆ ತೆಳು ಸೂಜಿ ಹಾಕಿದರೆ ಸೂಜಿ ಬಾಗುತ್ತದೆ, ಕೊನೆಗೆ ಮುರಿಯುತ್ತದೆ.

ಸೂಜಿಯ ಒಂದು ಬದಿಯಲ್ಲಿ ಉದ್ದನೆಯ ಗೀರು ಇರುತ್ತದೆ. ದಾರವನ್ನು ಯಾವಾಗಲೂ ಆ ಗೀರು ಇರುವ ಕಡೆಯಿಂದಲೇ ಪೋಣಿಸಬೇಕು. ಸೂಜಿಯ ತಲೆಯ ಚಪ್ಪಟೆ ಭಾಗ ಅದರ ಎದುರು ಬದಿಗೆ ಬರುತ್ತದೆ. ಸೂಜಿಯನ್ನು ಪೂರ್ತಿ ಮೇಲಕ್ಕೆ ತಳ್ಳಿ ಸ್ಕ್ರೂ ಬಿಗಿಮಾಡಬೇಕು. ಸುಮಾರು ಎಂಟು ಗಂಟೆಗಳ ಹೊಲಿಗೆಯಾದ ಮೇಲೆ ಸೂಜಿ ಬದಲಾಯಿಸುವುದು ಒಳ್ಳೆಯದು. ಮುರಿಯುವವರೆಗೆ ಕಾಯುವುದು ಉಳಿತಾಯವಲ್ಲ. ಕೆಲವು ರೂಪಾಯಿಯ ಸೂಜಿಯನ್ನು ಉಳಿಸಲು ಹೋಗಿ ಸಾವಿರಾರು ರೂಪಾಯಿಯ ಬಟ್ಟೆಯನ್ನು ಹಾಳುಮಾಡಿಕೊಂಡಂತಾಗುತ್ತದೆ.

2. ದಾರ: ಮೇಲೆ ಮತ್ತು ಬಾಬಿನ್ನಿನಲ್ಲಿ ಒಂದೇ ಬಗೆಯ ದಾರವಿರಲಿ. ಹತ್ತಿಯ ದಾರದಲ್ಲಿ ಸಂಖ್ಯೆ ಹೆಚ್ಚಿದಂತೆ ದಾರ ತೆಳು. ಅಂದರೆ 60ರ ದಾರ 40ರ ದಾರಕ್ಕಿಂತ ತೆಳು. ಸೂಜಿಯ ಸಂಖ್ಯೆಗೆ ಇದು ವಿರುದ್ಧ ಎಂಬುದನ್ನು ನೆನಪಿಡಿ. ಟೆರಿಕಾಟ್, ಜಾರ್ಜೆಟ್ ಮುಂತಾದ ಕೃತಕ ನೂಲಿನ ಬಟ್ಟೆಗೆ ಪಾಲಿಯೆಸ್ಟರ್ ದಾರವೇ ಸರಿ. ಅವುಗಳಿಗೆ ಹತ್ತಿಯ ದಾರ ಹಾಕಿದರೆ, ಒಗೆದಾಗ ದಾರ ಕುಗ್ಗುತ್ತದೆ, ಬಟ್ಟೆ ಕುಗ್ಗುವುದಿಲ್ಲ, ಹೊಲಿಗೆಯ ಉದ್ದಕ್ಕೂ ಸುಕ್ಕು ಬೀಳುತ್ತದೆ.

3. ಹೊಲಿಗೆಯ ಉದ್ದ: ತೆಳು ಬಟ್ಟೆಗೆ ಚಿಕ್ಕ ಹೊಲಿಗೆ, ದಪ್ಪ ಬಟ್ಟೆಗೆ ಉದ್ದ ಹೊಲಿಗೆ. ತೆಳು ಬಟ್ಟೆಗೆ ಒಂದೂವರೆಯಿಂದ ಎರಡು ಮಿಲಿಮೀಟರ್, ಸಾಧಾರಣ ಬಟ್ಟೆಗೆ ಎರಡೂವರೆ, ದಪ್ಪ ಬಟ್ಟೆಗೆ ಮೂರರಿಂದ ಮೂರೂವರೆ ಸಾಕು. ನೆರಿಗೆ ಹಿಡಿಯಲು ನಾಲ್ಕು ಬೇಕು. ಇಲ್ಲಿ ಒಂದು ಎಚ್ಚರಿಕೆ. ಕೆಲವು ಮೆಷಿನ್ನುಗಳಲ್ಲಿ ಬರೆದಿರುವ ಸಂಖ್ಯೆ ಮಿಲಿಮೀಟರ್ ಲೆಕ್ಕದ್ದು, ಕೆಲವು ಹಳೆಯ ಮೆಷಿನ್ನುಗಳಲ್ಲಿ ಅದು ಒಂದು ಇಂಚಿಗೆ ಬೀಳುವ ಹೊಲಿಗೆಗಳ ಲೆಕ್ಕ. ಮೊದಲನೆಯದರಲ್ಲಿ ಸಂಖ್ಯೆ ಹೆಚ್ಚಿದರೆ ಹೊಲಿಗೆ ಉದ್ದವಾಗುತ್ತದೆ, ಎರಡನೆಯದರಲ್ಲಿ ಚಿಕ್ಕದಾಗುತ್ತದೆ. ಸಂಶಯವಿದ್ದರೆ ಚೂರು ಬಟ್ಟೆಯ ಮೇಲೆ ಹೊಲಿದು, ಸ್ಕೇಲ್ ಇಟ್ಟು ಒಂದು ಇಂಚಿನಲ್ಲಿ ಎಷ್ಟು ಹೊಲಿಗೆ ಬಿದ್ದಿದೆ ಎಂದು ಎಣಿಸಿ. ಹತ್ತು ಬಿದ್ದಿದ್ದರೆ ಅದು ಸುಮಾರು ಎರಡೂವರೆ ಮಿಲಿಮೀಟರ್.

4. ದಾರದ ಬಿಗಿ, ಅಂದರೆ ಟೆನ್ಷನ್: ಮೇಲಿನ ದಾರ ಎರಡು ಬಿಲ್ಲೆಗಳ ನಡುವೆ ಹಾದು ಬರುತ್ತದೆ. ಅವುಗಳ ಮುಂದಿನ ತಿರುಪನ್ನು ಬಲಕ್ಕೆ ತಿರುಗಿಸಿದರೆ ಬಿಗಿ, ಎಡಕ್ಕೆ ತಿರುಗಿಸಿದರೆ ಸಡಿಲ. ಪಾದವನ್ನು ಮೇಲೆತ್ತಿದಾಗ ಈ ಬಿಲ್ಲೆಗಳು ತೆರೆದುಕೊಳ್ಳುತ್ತವೆ. ಆದ್ದರಿಂದ ದಾರವನ್ನು ಪಾದ ಎತ್ತಿಟ್ಟು ಪೋಣಿಸಬೇಕು, ಬಿಗಿಯನ್ನು ಪಾದ ಇಳಿಸಿ ನೋಡಬೇಕು. ಬಾಬಿನ್ ಕೇಸಿನ ಮೇಲೂ ಒಂದು ಚಿಕ್ಕ ಸ್ಕ್ರೂ ಇದೆ. ಅದನ್ನು ಮುಟ್ಟುವ ಅಗತ್ಯ ಅಪರೂಪ. ಮುಟ್ಟಲೇಬೇಕಾದರೆ ಒಮ್ಮೆಗೆ ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬಾರದು. ಬಾಬಿನ್ ತುಂಬಿದ ಕೇಸನ್ನು ದಾರದಿಂದ ಹಿಡಿದು ತೂಗಾಡಿಸಿ. ಅದು ತಾನಾಗಿ ಜಾರಿ ಬಿದ್ದರೆ ಸಡಿಲ, ಮೆಲ್ಲಗೆ ಜರ್ಕು ಕೊಟ್ಟಾಗ ಸ್ವಲ್ಪ ಇಳಿದು ನಿಂತರೆ ಸರಿ, ಜರ್ಕು ಕೊಟ್ಟರೂ ಇಳಿಯದಿದ್ದರೆ ಬಿಗಿ.

5. ಪಾದದ ಒತ್ತಡ: ಬಟ್ಟೆಯನ್ನು ಅದುಮಿ ಹಿಡಿಯುವ ಪಾದಕ್ಕೆ ಎಷ್ಟು ಒತ್ತಡ ಬೇಕೆಂಬುದನ್ನು ಹಳೆಯ ಮೆಷಿನ್ನುಗಳಲ್ಲಿ ಎಡಭಾಗದ ನೆತ್ತಿಯ ಮೇಲಿರುವ ಸ್ಕ್ರೂ ನಿರ್ಧರಿಸುತ್ತದೆ. ಅದನ್ನು ಒಳಕ್ಕೆ ತಿರುಗಿಸಿದರೆ ಒತ್ತಡ ಹೆಚ್ಚು. ತೆಳು ಬಟ್ಟೆ, ಹಿಗ್ಗುವ ಬಟ್ಟೆ ಮತ್ತು ವೆಲ್ವೆಟ್ಟಿಗೆ ಕಡಿಮೆ ಒತ್ತಡ ಸಾಕು, ದಪ್ಪ ಬಟ್ಟೆಗೆ ಹೆಚ್ಚು ಬೇಕು. ಈ ಸ್ಕ್ರೂ ಇರುವುದೇ ಅನೇಕರಿಗೆ ತಿಳಿದಿಲ್ಲ. ಮೇಲಿನ ಪದರ ಮುಂದಕ್ಕೆ ಸರಿದು, ಕೊನೆಗೆ ಎರಡು ಪದರಗಳ ಅಂಚು ಕೂಡದಿದ್ದರೆ ಒಮ್ಮೆ ಇದರ ಕಡೆ ಗಮನ ಕೊಡಿ.

ಬಟ್ಟೆಯಿಂದ ಬಟ್ಟೆಗೆ

ಹತ್ತಿ: ಮಲ್ ಮತ್ತು ವಾಯಿಲ್ ಬಟ್ಟೆಗೆ 9 ಅಥವಾ 11ರ ಸೂಜಿ, ಎರಡು ಮಿಲಿಮೀಟರ್ ಹೊಲಿಗೆ. ರವಿಕೆಯ ಟೂ ಬೈ ಟೂ ಬಟ್ಟೆಗೆ 11. ಲಂಗದ ಪಾಪ್ಲಿನ್ನಿಗೆ ಮತ್ತು ಕೈಮಗ್ಗದ ಬಟ್ಟೆಗೆ 14ರ ಸೂಜಿ, ಎರಡೂವರೆ ಮಿಲಿಮೀಟರ್ ಹೊಲಿಗೆ. ಹತ್ತಿ ಬಟ್ಟೆಯನ್ನು ಕತ್ತರಿಸುವ ಮೊದಲೇ ನೀರಿನಲ್ಲಿ ನೆನೆಸಿ ಒಣಗಿಸಿ ಇಸ್ತ್ರಿ ಮಾಡಿಕೊಳ್ಳಿ. ಕುಗ್ಗುವುದಿದ್ದರೆ ಮೊದಲೇ ಕುಗ್ಗಲಿ. ರವಿಕೆಯ ಒಳಬಟ್ಟೆಗೂ ಈ ಮಾತು ಅನ್ವಯಿಸುತ್ತದೆ.

ಟೆರಿಕಾಟ್: ಶಾಲೆಯ ಯೂನಿಫಾರ್ಮಿನ ಅಂಗಿಗೆ 11 ಅಥವಾ 14, ಪ್ಯಾಂಟಿಗೆ 14 ಅಥವಾ 16. ಈ ಬಟ್ಟೆಯ ದೊಡ್ಡ ತೊಂದರೆ ಸುಕ್ಕು. ಹೊಲಿಯುವಾಗ ದಾರ ಹಿಗ್ಗಿ ಬಿಗಿಯಾಗಿ ಬೀಳುತ್ತದೆ. ಹೊಲಿದಾದ ಮೇಲೆ ಅದು ತನ್ನ ಮೊದಲಿನ ಉದ್ದಕ್ಕೆ ಮರಳುವಾಗ ಬಟ್ಟೆಯನ್ನೂ ಜೊತೆಗೆ ಎಳೆಯುತ್ತದೆ. ಮೇಲಿನ ಬಿಗಿಯನ್ನು ಸ್ವಲ್ಪ ಸಡಿಲಿಸಿ, ಹೊಸ ಸೂಜಿ ಹಾಕಿ, ನಿಧಾನವಾಗಿ ತುಳಿಯಿರಿ. ಬಾಬಿನ್ನಿಗೆ ದಾರ ಸುತ್ತುವಾಗಲೂ ಹೆಚ್ಚು ವೇಗ ಬೇಡ.

ಜಾರ್ಜೆಟ್ ಮತ್ತು ಶಿಫಾನ್: 9 ಅಥವಾ 11ರ ಸೂಜಿ, ಒಂದೂವರೆಯಿಂದ ಎರಡು ಮಿಲಿಮೀಟರ್ ಹೊಲಿಗೆ, ಕಡಿಮೆ ಒತ್ತಡ. ಈ ಬಟ್ಟೆ ಜಾರುತ್ತದೆ, ಆರಂಭದಲ್ಲಿಯೇ ಸೂಜಿಯ ಕೆಳಗಿನ ರಂಧ್ರದೊಳಗೆ ಇಳಿದು ಸಿಕ್ಕಿಕೊಳ್ಳುತ್ತದೆ. ಬಟ್ಟೆಯ ಅಡಿಯಲ್ಲಿ ತೆಳುವಾದ ಬಿಳಿ ಕಾಗದದ ಪಟ್ಟಿ ಇಟ್ಟು ಹೊಲಿಯಿರಿ, ಆಮೇಲೆ ಕಾಗದವನ್ನು ಮೆಲ್ಲನೆ ಹರಿದು ತೆಗೆಯಿರಿ. ಹಳೆಯ ದಿನಪತ್ರಿಕೆ ಬೇಡ, ಅದರ ಶಾಯಿ ಬಟ್ಟೆಗೆ ಹತ್ತುತ್ತದೆ. ಆರಂಭಿಸುವಾಗ ಎರಡೂ ದಾರದ ತುದಿಗಳನ್ನು ಪಾದದ ಹಿಂದೆ ಹಿಡಿದುಕೊಳ್ಳಿ. ಕೊನೆಯಲ್ಲಿ ಹಿಂದಕ್ಕೆ ಹೊಲಿಯುವ ಬದಲು ದಾರಗಳನ್ನು ಕೈಯಿಂದ ಗಂಟು ಹಾಕುವುದು ಲೇಸು.

ರೇಷ್ಮೆ: ಮೈಸೂರು ಕ್ರೇಪ್ ರೇಷ್ಮೆಗೆ 11ರ ಹೊಸ ಸೂಜಿಯೇ ಬೇಕು. ಸೂಜಿಯ ತುದಿ ಕಣ್ಣಿಗೆ ಕಾಣದಷ್ಟು ಮುರಿದಿದ್ದರೂ ರೇಷ್ಮೆಯ ಎಳೆ ಕಿತ್ತು ಗೆರೆಯಾಗಿ ನಿಲ್ಲುತ್ತದೆ. ಗುಂಡುಸೂಜಿಯನ್ನು ಹೊಲಿಗೆಯ ಅಂಚಿನೊಳಗೆ ಮಾತ್ರ ಚುಚ್ಚಿ, ಹೊರಗೆ ಕಾಣುವ ಭಾಗದಲ್ಲಿ ಬೇಡ. ಜರಿಯ ಅಂಚು ಬಂದಲ್ಲಿ 14ರ ಸೂಜಿಗೆ ಬದಲಾಯಿಸಿ, ಕೈಯಿಂದ ಚಕ್ರ ತಿರುಗಿಸುತ್ತ ನಿಧಾನವಾಗಿ ದಾಟಿ. ಜರಿಯ ಮೇಲೆ ಓಡಿದ ಸೂಜಿ ಬೇಗ ಮೊಂಡಾಗುತ್ತದೆ. ಅದನ್ನೇ ಮತ್ತೆ ರೇಷ್ಮೆಯ ಒಡಲಿಗೆ ಬಳಸಬೇಡಿ.

ಸ್ಯಾಟಿನ್ ಮತ್ತು ನೆಟ್: ಪ್ರಥಮ ಪರಮಪ್ರಸಾದದ ಫ್ರಾಕಿನಲ್ಲಿ ಇವೆರಡೂ ಒಟ್ಟಿಗೆ ಬರುವುದುಂಟು, ಆದರೆ ಎರಡರ ಸ್ವಭಾವ ಬೇರೆ ಬೇರೆ. ಸ್ಯಾಟಿನ್ನಿಗೆ 11ರ ಹೊಸ ಸೂಜಿ, ಪಾಲಿಯೆಸ್ಟರ್ ದಾರ, ಎರಡರಿಂದ ಎರಡೂವರೆ ಮಿಲಿಮೀಟರ್ ಹೊಲಿಗೆ. ಮುಂದೆ ಒಂದು ಕೈ, ಹಿಂದೆ ಒಂದು ಕೈ ಇಟ್ಟು ಬಟ್ಟೆಯನ್ನು ಸಮವಾಗಿ ಹಿಡಿಯಿರಿ, ಆದರೆ ಎಳೆಯಬೇಡಿ. ಎಳೆದರೆ ಸೂಜಿ ಬಾಗಿ ಕೆಳಗಿನ ತಟ್ಟೆಗೆ ಬಡಿಯುತ್ತದೆ. ನೆಟ್ಟಿನಲ್ಲಿ ತೀರಾ ಚಿಕ್ಕ ಹೊಲಿಗೆ ಹಾಕಿದರೆ ಅದು ಬಟ್ಟೆಯ ಕಣ್ಣುಗಳೊಳಗೆ ಬಿದ್ದು ಹಿಡಿತವೇ ಸಿಗುವುದಿಲ್ಲ. ಅದಕ್ಕೆ ಎರಡೂವರೆಯಿಂದ ಮೂರು ಮಿಲಿಮೀಟರ್ ಇರಲಿ, ಅಡಿಯಲ್ಲಿ ಬಿಳಿ ಕಾಗದದ ಪಟ್ಟಿಯೂ ಇರಲಿ. ಬಿಳಿ ಬಟ್ಟೆಗೆ ಕೂರುವ ಮೊದಲು ಮೆಷಿನ್ನಿನ ಎಣ್ಣೆಯನ್ನು ಒರೆಸಿ, ಹಳೆಯ ಬಟ್ಟೆಯ ಮೇಲೆ ಒಂದೆರಡು ಗೆರೆ ಹೊಲಿದು ಎಣ್ಣೆಯ ಕಲೆ ಬೀಳುವುದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಬನಿಯನ್ ಬಟ್ಟೆ: ಇದು ನೇಯ್ದ ಬಟ್ಟೆಯಲ್ಲ, ಹೆಣೆದ ಬಟ್ಟೆ. ಚೂಪಾದ ಸೂಜಿ ಇದರ ಎಳೆಯನ್ನು ಕತ್ತರಿಸಿದರೆ ಅಲ್ಲಿಂದ ತೂತು ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಇದಕ್ಕೆ ಬಾಲ್ ಪಾಯಿಂಟ್ ಸೂಜಿ ಎಂಬುದು ಅಂಗಡಿಯಲ್ಲಿ ಸಿಗುತ್ತದೆ. ಅದರ ದುಂಡಾದ ತುದಿ ಎಳೆಯನ್ನು ಚುಚ್ಚದೆ ಪಕ್ಕಕ್ಕೆ ಸರಿಸಿ ಇಳಿಯುತ್ತದೆ. ಜಿಗ್‌ಜ್ಯಾಗ್ ಇರುವ ಮೆಷಿನ್ನಿನಲ್ಲಿ ಸಣ್ಣ ಅಗಲದ ಜಿಗ್‌ಜ್ಯಾಗ್ ಹಾಕಿ. ನೇರ ಹೊಲಿಗೆಯ ಮೆಷಿನ್ ಮಾತ್ರ ಇದ್ದರೆ ಬಿಗಿಯನ್ನು ಸಡಿಲಿಸಿ, ಬಟ್ಟೆಯನ್ನು ತೀರಾ ಸ್ವಲ್ಪ ಹಿಗ್ಗಿಸಿ ಹಿಡಿದು ಹೊಲಿಯಿರಿ. ಇಲ್ಲವಾದರೆ ತಲೆ ತೂರಿಸುವಾಗ ದಾರ ಪಟಪಟನೆ ತುಂಡಾಗುತ್ತದೆ.

ಜೀನ್ಸ್ ಮತ್ತು ಡ್ರಿಲ್: 16ರ ಸೂಜಿ, ಪದರ ಹೆಚ್ಚಾದಲ್ಲಿ 18. ಹೊಲಿಗೆ ಮೂರರಿಂದ ಮೂರೂವರೆ ಮಿಲಿಮೀಟರ್. ಮಡಿಕೆಯ ದಿಬ್ಬ ಬಂದಲ್ಲಿ ಪಾದ ಮುಂದೆ ಎದ್ದು ಹಿಂದಕ್ಕೆ ವಾಲುತ್ತದೆ, ಹೊಲಿಗೆ ತಪ್ಪುತ್ತದೆ. ಅಷ್ಟೇ ದಪ್ಪಕ್ಕೆ ಮಡಚಿದ ಬಟ್ಟೆಯ ತುಂಡನ್ನು ಪಾದದ ಹಿಂಭಾಗದ ಅಡಿಗೆ ಇಟ್ಟರೆ ಪಾದ ಸಮವಾಗುತ್ತದೆ. ಆಗ ಕೈಯಿಂದ ಚಕ್ರ ತಿರುಗಿಸಿ ಆ ದಿಬ್ಬವನ್ನು ದಾಟಿಸಿ.

ತೊಂದರೆ ಬಂದಾಗ ನೋಡುವ ಕ್ರಮ

ಹೊಲಿಗೆ ಕೆಟ್ಟ ಕೂಡಲೇ ಟೆನ್ಷನ್ ತಿರುಪಿಗೆ ಕೈಹಾಕುವುದು ಅನೇಕರ ಅಭ್ಯಾಸ. ಇದು ಸರಿಯಲ್ಲ. ಮೊದಲು ಮೇಲಿನ ದಾರವನ್ನು ಪೂರ್ತಿ ತೆಗೆದು, ಪಾದ ಎತ್ತಿ, ಮತ್ತೆ ಪೋಣಿಸಿ. ಎರಡನೆಯದಾಗಿ ಬಾಬಿನ್ ತೆಗೆದು ಅಲ್ಲಿ ಸೇರಿಕೊಂಡ ಧೂಳು, ನೂಲಿನ ಚೂರನ್ನು ಬ್ರಷ್ಷಿನಿಂದ ಗುಡಿಸಿ. ಮೂರನೆಯದಾಗಿ ಸೂಜಿ ಬದಲಾಯಿಸಿ. ಇಷ್ಟಕ್ಕೇ ಎಷ್ಟೋ ತೊಂದರೆಗಳು ಪರಿಹಾರವಾಗುತ್ತವೆ. ಆಗಲೂ ಸರಿಹೋಗದಿದ್ದರೆ ಮೇಲಿನ ಟೆನ್ಷನ್ ನೋಡಿ. ಬಾಬಿನ್ ಕೇಸಿನ ಸ್ಕ್ರೂ ಕಟ್ಟಕಡೆಗೆ ಇರಲಿ. ಒಮ್ಮೆಗೆ ಒಂದನ್ನೇ ಬದಲಾಯಿಸಿ. ಮೂರನ್ನು ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಸರಿಯಾಯಿತು, ಯಾವುದರಿಂದ ಕೆಟ್ಟಿತು ಎಂಬುದು ತಿಳಿಯುವುದೇ ಇಲ್ಲ.

ಟೆನ್ಷನ್ ಪರೀಕ್ಷೆಗೆ ಸುಲಭ ಉಪಾಯವಿದೆ. ಮೇಲೆ ಕೆಂಪು ದಾರ, ಬಾಬಿನ್ನಿಗೆ ನೀಲಿ ದಾರ ಹಾಕಿ, ನೀವು ಹೊಲಿಯಬೇಕಾದ ಬಟ್ಟೆಯದೇ ಚೂರನ್ನು ಎರಡು ಪದರ ಮಾಡಿ ಹೊಲಿಯಿರಿ. ಮೇಲ್ಭಾಗದಲ್ಲಿ ನೀಲಿ ಚುಕ್ಕೆಗಳು ಕಂಡರೆ ಮೇಲಿನ ದಾರ ಹೆಚ್ಚು ಬಿಗಿ, ಸಡಿಲಿಸಿ. ಕೆಳಭಾಗದಲ್ಲಿ ಕೆಂಪು ಕುಣಿಕೆಗಳು ಕಂಡರೆ ಮೇಲಿನ ದಾರ ಸಡಿಲ, ಅಥವಾ ಅದು ಬಿಲ್ಲೆಗಳ ನಡುವೆ ಕೂತೇ ಇಲ್ಲ. ಕೆಳಗೆ ಗೋಜಲು ಕಂಡ ಮಾತ್ರಕ್ಕೆ ತಪ್ಪು ಬಾಬಿನ್ನಿನದು ಎಂದು ತಿಳಿಯಬಾರದು. ಹೆಚ್ಚಾಗಿ ತಪ್ಪು ಮೇಲಿನ ದಾರದಲ್ಲಿಯೇ ಇರುತ್ತದೆ. ಇನ್ನೊಂದು ಪರೀಕ್ಷೆ: ಬಟ್ಟೆಯನ್ನು ಓರೆಯಾಗಿ ಇಟ್ಟು ಒಂದು ಗೆರೆ ಹೊಲಿದು, ಎರಡು ತುದಿ ಹಿಡಿದು ಜೋರಾಗಿ ಎಳೆಯಿರಿ. ಯಾವ ದಾರ ಮೊದಲು ತುಂಡಾಗುತ್ತದೆಯೋ ಅದೇ ಹೆಚ್ಚು ಬಿಗಿ.

ಒಂದು ಮಾದರಿ ಪುಸ್ತಕ

ಇಷ್ಟೆಲ್ಲ ಸಂಖ್ಯೆಗಳನ್ನು ನೆನಪಿಡುವುದು ಹೇಗೆ ಎಂದು ನೀವು ಕೇಳಬಹುದು. ನೆನಪಿಡಬೇಕಾಗಿಲ್ಲ, ಬರೆದಿಡಬೇಕು. ಮಕ್ಕಳ ಹಳೆಯ ನೋಟ್‌ಬುಕ್ ಒಂದು ಸಾಕು. ಪ್ರತಿ ಬಟ್ಟೆಯಲ್ಲಿಯೂ ಮೂರು ಬೆರಳಗಲದ ಚೂರನ್ನು ಉಳಿಸಿ, ಅದರ ಮೇಲೆ ನಿಮ್ಮ ಮೆಷಿನ್ನಿನಿಂದ ಸರಿಯಾದ ಹೊಲಿಗೆ ಬಿದ್ದಾಗ ಆ ಚೂರನ್ನು ಪುಟಕ್ಕೆ ಅಂಟಿಸಿ. ಪಕ್ಕದಲ್ಲಿ ಬಟ್ಟೆಯ ಹೆಸರು, ಸೂಜಿಯ ಸಂಖ್ಯೆ, ದಾರ, ಹೊಲಿಗೆಯ ಉದ್ದ, ಟೆನ್ಷನ್ ಎಷ್ಟಿತ್ತು ಎಂದು ಬರೆಯಿರಿ. ತಿರುಪಿನ ಮೇಲೆ ಸಂಖ್ಯೆ ಇಲ್ಲದಿದ್ದರೆ "ಪಾಪ್ಲಿನ್ನಿಗಿಂತ ಅರ್ಧ ಸುತ್ತು ಸಡಿಲ" ಎಂದು ಬರೆದರೂ ಆಯಿತು. ಮೇಲೆ ಹೇಳಿದ ಸಂಖ್ಯೆಗಳು ಆರಂಭಕ್ಕೆ ಮಾತ್ರ. ಎರಡು ಮೆಷಿನ್ನುಗಳು ಒಂದೇ ರೀತಿ ಓಡುವುದಿಲ್ಲ. ಕೊನೆಯ ಮಾತು ನಿಮ್ಮ ಚೂರು ಬಟ್ಟೆಯದೇ.

ವರ್ಷ ಕಳೆಯುವಷ್ಟರಲ್ಲಿ ಈ ಪುಸ್ತಕ ನಿಮ್ಮ ಮನೆಯ ಆಸ್ತಿಯಾಗುತ್ತದೆ. ಹೊಲಿಗೆ ಕಲಿಯಲು ಬಂದ ಮಗಳ ಅಥವಾ ಸೊಸೆಯ ಕೈಗೆ ಅದನ್ನು ಕೊಡಬಹುದು. ಗಂಡುಮಕ್ಕಳೂ ಕಲಿಯಲಿ, ಗುಂಡಿ ಹೊಲಿಯಲು ಮತ್ತು ಪ್ಯಾಂಟಿನ ಅಂಚು ಮಡಚಲು ಅವರಿಗೂ ಬರಬೇಕು. ಚರ್ಚಿನ ಮಹಿಳಾ ಸಂಘದಲ್ಲಿ ಹೊಲಿಗೆ ಬಲ್ಲವರು ನಾಲ್ಕೈದು ಮಂದಿ ಇದ್ದರೆ ಎಲ್ಲರೂ ಸೇರಿ ಇಂಥದೊಂದು ಪುಸ್ತಕ ಮಾಡಿಟ್ಟರೆ ಹೊಸದಾಗಿ ಕಲಿಯುವವರಿಗೆ ಬಹಳ ಉಪಕಾರವಾದೀತು.

ಬೇರೆಯವರ ಬಟ್ಟೆಯನ್ನು ಹೊಲಿಯಲು ತೆಗೆದುಕೊಳ್ಳುವ ಸಹೋದರಿಯರಿಗೆ ಒಂದು ಮಾತು. ಬಟ್ಟೆ ಕೊಡುವವರು ನಿಮ್ಮ ಕೈಗೆ ಹಣವನ್ನೇ ಕೊಟ್ಟಂತೆ. ಕೆಲವೊಮ್ಮೆ ಅದರ ಬೆಲೆ ನಿಮ್ಮ ಕೂಲಿಯ ಹತ್ತು ಪಟ್ಟು ಇರುತ್ತದೆ. ಅವಸರ ಮಾಡುವ ಗಿರಾಕಿಗೆ "ಚೂರಿನ ಮೇಲೆ ಹೊಲಿದು ನೋಡದೆ ನಾನು ಇದನ್ನು ಮುಟ್ಟುವುದಿಲ್ಲ" ಎಂದು ಹೇಳಲು ಸಂಕೋಚಪಡಬೇಡಿ. ಆ ಹತ್ತು ನಿಮಿಷ ತಡವಾದರೆ ಯಾರೂ ನಿಮ್ಮನ್ನು ಬಿಟ್ಟುಹೋಗುವುದಿಲ್ಲ. ಬಟ್ಟೆ ಹಾಳಾದರೆ ಮಾತ್ರ ಹೋದ ಗಿರಾಕಿ ಮರಳಿ ಬರುವುದಿಲ್ಲ, ನೆರೆಹೊರೆಯ ಸಂಬಂಧವೂ ಕೆಡುತ್ತದೆ.

ಈ ವಾರದ ಅಭ್ಯಾಸ: ಮನೆಯಲ್ಲಿರುವ ಮೂರು ಬಗೆಯ ಚೂರು ಬಟ್ಟೆಗಳನ್ನು ಆರಿಸಿಕೊಳ್ಳಿ, ಒಂದು ತೆಳು, ಒಂದು ಸಾಧಾರಣ, ಒಂದು ದಪ್ಪ. ಮೊದಲು ಮೂರನ್ನೂ ಒಂದೇ ಸೂಜಿಯಿಂದ, ಒಂದೇ ಬಿಗಿಯಲ್ಲಿ ಹೊಲಿಯಿರಿ. ಬಳಿಕ ಮೇಲಿನ ಪಾಠದಂತೆ ಪ್ರತಿಯೊಂದಕ್ಕೂ ಸೂಜಿ, ಉದ್ದ, ಬಿಗಿ ಬದಲಾಯಿಸಿ ಪಕ್ಕದಲ್ಲಿಯೇ ಇನ್ನೊಂದು ಗೆರೆ ಹೊಲಿಯಿರಿ. ಎರಡು ಗೆರೆಗಳನ್ನೂ ಬೆಳಕಿಗೆ ಹಿಡಿದು ನೋಡಿ. ವ್ಯತ್ಯಾಸ ನಿಮಗೇ ಕಾಣುತ್ತದೆ. ಆ ಮೂರು ಚೂರುಗಳೇ ನಿಮ್ಮ ಮಾದರಿ ಪುಸ್ತಕದ ಮೊದಲ ಮೂರು ಪುಟಗಳಾಗಲಿ.